ಕಿತ್ತಳೆ ಬಣ್ಣದ ಮೇಲಂಗಿ

ಮಿನಿಯಾಪೊಲಿಸ್‌ನ ಆ ಹೈಸ್ಕೂಲಿನಲ್ಲಿ ಪಾಠದ ನಡುವೆ ಶೌಚಾಲಯಕ್ಕೆ ಹೋಗುವವರು ಕಿತ್ತಳೆ ಬಣ್ಣದ ಮೇಲಂಗಿ ತೊಟ್ಟು ಹೋಗಬೇಕು. ರಸ್ತೆ ಕೆಲಸದವರು ತೊಡುವಂಥದ್ದು. ತರಗತಿಗೆ ಒಂದರಂತೆ ಬಾಗಿಲ ಹಿಂದೆ ನೇತಾಡುತ್ತದೆ. ಅದನ್ನು ಒಗೆದವರಿಲ್ಲ. ತೊಡದೆ ಸಿಕ್ಕಿಬಿದ್ದರೆ ಮೂರು ದಿನ ಶಾಲೆಯಿಂದ ಹೊರಗೆ.

ಶಿಕ್ಷಕಿಯಾಗುವ ತರಬೇತಿಗೆಂದು ಬಂದಿದ್ದ ಮಾರ್ಗಿಟ್ ಲುಂಡ್ ಅಂದು ಇತಿಹಾಸದ ಪಾಠ ಮಾಡುತ್ತಿದ್ದಳು. ಗ್ರಿಫಿನ್ ಕೈಯೆತ್ತಿದ. ಅವಳು ತಲೆಯಾಡಿಸಿದಳು. ಅವನು ಹಾಗೇ ಹೋಗಿ, ಹಾಗೇ ಬಂದ.

ಆಮೇಲೆ ಇಮಾನಿ ಎದ್ದಳು.

"ಮೇಲಂಗಿ ಹಾಕ್ಕೊಂಡು ಹೋಗು," ಎಂದಳು ಮಾರ್ಗಿಟ್, ಬೋರ್ಡಿನ ಕಡೆ ತಿರುಗಿಕೊಂಡೇ.

"ಗ್ರಿಫಿನ್ ಹಾಕ್ಕೊಳ್ಳಲಿಲ್ವಲ್ಲ, ಮಿಸ್?"

"ಅವನು ಬೇಗ ಬಂದ್ಬಿಡ್ತಾನೆ."

"ಓ, ನಂಗೆ ಮಾತ್ರ ನಿಧಾನವಾಗಿ ಬರುತ್ತಾ?"

ತರಗತಿ ಹೋ ಎಂದು ನಕ್ಕಿತು. ಇಮಾನಿ ನಗಲಿಲ್ಲ. ಮೇಲಂಗಿ ಮುಟ್ಟದೆ ಹೊರಟುಹೋದಳು. ಹಜಾರದಲ್ಲಿ ಗ್ರಿಫಿನ್‌ಗೆ ಕೈಬೀಸಿ ಕಳಿಸಿದ್ದ ಶಾಲೆಯ ಕಾವಲುಗಾರನೇ ಅವಳನ್ನು ತಡೆದು ಕಚೇರಿಗೆ ಕರೆದೊಯ್ದ.

ಮಾರ್ಗಿಟ್‌ಳ ಕೈಯಲ್ಲಿದ್ದ ಪೆನ್ನು ಬೋರ್ಡಿನ ಮೇಲೆಯೇ ನಿಂತಿತು. ತಾನು ಬಂದಂದಿನಿಂದ ಆ ಮೇಲಂಗಿ ತೊಟ್ಟವರ ಮುಖಗಳನ್ನು ಒಂದೊಂದಾಗಿ ನೆನೆದಳು. ಕರಿಯರ ಮಕ್ಕಳು, ಸೊಮಾಲಿಗಳು, ಮೆಕ್ಸಿಕೊದವರು. ಗ್ರಿಫಿನ್‌ನಂಥ ಒಂದು ಬಿಳಿ ಮುಖವೂ ನೆನಪಾಗಲಿಲ್ಲ. ಹೀಗೆ ಮಾಡು ಎಂದು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಹೇಳಿಕೊಡಬೇಕಾಗಿಯೇ ಇರಲಿಲ್ಲ.

ಶನಿವಾರ ರಾಜ್ಯಮಟ್ಟದ ಚರ್ಚಾಸ್ಪರ್ಧೆ. ಇಮಾನಿ ಶಾಲೆಯ ತಂಡದ ಮುಂದಾಳು. ಹೊರಹಾಕಿಸಿಕೊಂಡವರಿಗೆ ಅಲ್ಲಿ ಪ್ರವೇಶವಿಲ್ಲ.

ಅಂದು ಸಂಜೆ ಮಾರ್ಗಿಟ್‌ಗೆ ಮಾರ್ಗದರ್ಶಿಯಾಗಿದ್ದ ಹಿರಿಯ ಶಿಕ್ಷಕಿ ಮಿಸೆಸ್ ಹಾಲ್ವರ್ಸನ್ ಕಾಫಿ ಹೀರುತ್ತ, "ನಾಳೆ ವಿಚಾರಣೇಲಿ ಎದುರುತ್ತರ ಕೊಟ್ಟು ಹೋದಳು ಅಂತ ಹೇಳು, ಸಾಕು. ಗ್ರಿಫಿನ್ ಸುದ್ದಿ ಯಾಕೆ ಎತ್ತುತೀಯ?" ಎಂದರು.

"ಇಬ್ರೂ ಮಾಡಿದ್ದು ಒಂದೇ ಅಲ್ವಾ?"

"ಅವನ ವಿಷಯ ನಮಗೆ ಗೊತ್ತು, ಕಣಮ್ಮ. ಇವರನ್ನ ಈಗ ಬಿಗಿ ಹಿಡಿದ್ರೆ ಇವರಿಗೇ ಒಳ್ಳೇದು. ಭೇದ ಗೀದ ಅಂತ ಶುರು ಮಾಡ್ಬೇಡ. ಹಜಾರದ ಗೋಡೆ ನೋಡು, ಎಲ್ಲಾ ಬಣ್ಣದ ಮಕ್ಕಳ ಫೋಟೋನೂ ಹಾಕಿದೀವಿ." ಕಪ್ಪು ಕೆಳಗಿಟ್ಟು ಸೇರಿಸಿದರು: "ನಿನ್ನ ತರಬೇತಿ ವರದಿ ಇನ್ನೂ ನಾನು ಬರೆದಿಲ್ಲ."

ಮರುದಿನ ಬೆಳಿಗ್ಗೆ ಉಪಪ್ರಾಂಶುಪಾಲರ ಕೋಣೆಯಲ್ಲಿ ಇಮಾನಿ, ಅವಳ ತಾಯಿ ಮಿಸೆಸ್ ಟ್ರೆಡ್‌ವೆಲ್, ಹಾಲ್ವರ್ಸನ್, ಮಾರ್ಗಿಟ್ ಕೂತಿದ್ದರು. ತಾಯಿ ಆಸ್ಪತ್ರೆಯ ಪಾಳಿ ಮುಗಿಸಿ ನೇರವಾಗಿ ಬಂದಿದ್ದಳು.

"ನಿಯಮ ಎಲ್ಲರಿಗೂ ಒಂದೇ," ಎಂದರು ಉಪಪ್ರಾಂಶುಪಾಲರು. "ಏನಾಯ್ತು ಹೇಳಿ, ಮಿಸ್ ಲುಂಡ್."

"ಅವಳಿಗಿಂತ ಮೊದಲು ಗ್ರಿಫಿನ್‌ನ ಹಾಗೇ ಕಳಿಸ್ದೆ. ಇಮಾನಿಗೆ ಮಾತ್ರ ಹಾಕ್ಕೋ ಅಂದೆ." ಮಾರ್ಗಿಟ್‌ಳ ಸ್ವರ ನಡುಗಿತು. "ಅವಳು ಕಪ್ಪು ಹುಡುಗಿ ಅಂತ."

ಹಾಲ್ವರ್ಸನ್ ಕಿಟಕಿಯತ್ತ ಮುಖ ತಿರುಗಿಸಿದರು.

"ಇದನ್ನ ಒಂದ್ಸಲ ಹೇಳೋಕೆ ಇಷ್ಟು ನಡುಗ್ತಿದೀಯಾ?" ತಾಯಿ ಕೇಳಿದಳು. "ನನ್ನ ಮಗಳು ದಿನಾ ಇದನ್ನ ಅನುಭವಿಸಿ ಪಾಠಕ್ಕೆ ಕೂರ್ತಾಳೆ."

ಮಾರ್ಗಿಟ್ ತಲೆ ತಗ್ಗಿಸಿದಳು. ಬಳಿಕ ಉಪಪ್ರಾಂಶುಪಾಲರಿಗೆ ಹೇಳಿದಳು: "ನಿಯಮ ಒಂದೇ ಆದ್ರೆ ಗ್ರಿಫಿನ್‌ಗೂ ಮೂರು ದಿನ ಕೊಡಿ, ಸರ್."

"ಗ್ರಿಫಿನ್‌ಗಾ?" ಅವರು ನಕ್ಕೇಬಿಟ್ಟರು. "ಶೌಚಾಲಯಕ್ಕೆ ಹೋಗಿದ್ದಕ್ಕೆ ಯಾರಾದ್ರೂ ಹುಡುಗನ್ನ…"

ಮಾತು ಅಲ್ಲಿಗೇ ನಿಂತಿತು. ಇಮಾನಿ ಅವರನ್ನೇ ನೋಡುತ್ತಿದ್ದಳು. ಅವರ ಕತ್ತು ಕೆಂಪೇರಿತು.

"ಈ ಸಲ ಬಿಟ್ಟಿದೀನಿ. ತರಗತಿಗೆ ಹೋಗು," ಎಂದರು, ಮೇಜಿನತ್ತ ನೋಡುತ್ತ.

ಹೊರಗೆ ಇಮಾನಿ ಚೀಲ ಹೆಗಲಿಗೇರಿಸಿಕೊಂಡಳು. "ನಾನೀಗ ನಿಮಗೆ ಥ್ಯಾಂಕ್ಸ್ ಹೇಳ್ಬೇಕಾ, ಮಿಸ್?"

"ಬೇಡ," ಎಂದಳು ಮಾರ್ಗಿಟ್.

"ಒಳ್ಳೇದಾಯ್ತು," ಎಂದು ಇಮಾನಿ ತಾಯಿಯನ್ನು ಬೀಳ್ಕೊಡಲು ಬಾಗಿಲ ಕಡೆ ನಡೆದಳು.