ಏರುವ ಗಾಡಿಗೆ ದಾರಿ

ನರ್ಸಕ್ಕನಿಗೆ ಕಾರು ಓಡಿಸಲು ಬರುತ್ತಿತ್ತು. ಹಿಂದಕ್ಕೆ ಓಡಿಸಲು ಮಾತ್ರ ಬರುತ್ತಿರಲಿಲ್ಲ. ಹೆರಿಗೆ ವಾರ್ಡಿನಿಂದ ನಿವೃತ್ತಳಾದ ಮೇಲೆ ಆಸೆಪಟ್ಟು ಕೊಂಡ ಸ್ವಂತ ಕಾರು ಅದು. ಆದರೂ ಅದರ ಕೀಲಿ ತಮ್ಮನ ಅಂಗಿಯ ಜೇಬಿನಲ್ಲಿ ವಾಸವಾಗಿತ್ತು. ತರಬೇತಿಯ ಕಾಲದ ಗೆಳತಿಯರಿಬ್ಬರು, ಕಡ್ಡಿ ಮತ್ತು ಗುಂಡು, ಮೂವತ್ತೈದು ವರ್ಷಗಳ ನಂತರ ಹಿಮ ಬೀಳುವ ದೇಶದಿಂದ ಬರುತ್ತಾರೆಂದು ತಿಳಿದಾಗ ಆಕೆ ಕೀಲಿಗಾಗಿ ಪಟ್ಟು ಹಿಡಿದಳು.

“ನಾಲ್ಕು ದಿನ ಇಟ್ಕೋ ಅಕ್ಕ,” ಎಂದ ತಮ್ಮ. “ಆದ್ರೆ ಒಂದು ಗೆರೆ ಬಿದ್ರೆ, ಇಲ್ಲಾ ಇನ್ನೊಬ್ಬರ ಕೈಗೆ ಸ್ಟೀರಿಂಗ್ ಕೊಟ್ಟೆ ಅಂತ ಗೊತ್ತಾದ್ರೆ, ಆಮೇಲೆ ನೀನು ಕೇಳಬಾರ್ದು, ನಾನು ಕೊಡಬಾರ್ದು.”

ನರ್ಸಕ್ಕ ಒಂದು ಮಧ್ಯಾಹ್ನವಿಡೀ ನಕ್ಷೆ ಹರಡಿಕೊಂಡು ಕೂತು, ಹಿಂದಕ್ಕೆ ಓಡಿಸುವ ಅಗತ್ಯವೇ ಬೀಳದ ದೇಶವೊಂದನ್ನು ಗುರುತು ಹಾಕಿಕೊಂಡಳು.

ಹಾಗಾಗಿ ಗೆಳತಿಯರು ದೀಪಸ್ತಂಭವನ್ನು ಕಾರಿನಲ್ಲೇ ಸುತ್ತುಹಾಕಿ ನೋಡಿದರು, ಸಮುದ್ರವನ್ನು ಓಡುವ ಕಿಟಕಿಯಿಂದ ನೋಡಿದರು, ತೋಟದ ಒಂದು ಬಾಗಿಲಲ್ಲಿ ಹೊಕ್ಕು ಇನ್ನೊಂದರಲ್ಲಿ ಹೊರಬಿದ್ದರು. ನಾಲ್ಕನೆಯ ದಿನ, ಬೆವರಿನಲ್ಲಿ ತೊಯ್ದು ಮುಂದಿನ ಸೀಟಿನಲ್ಲಿ ಕೂತಿದ್ದ ಕಡ್ಡಿಯ ತಾಳ್ಮೆ ಮುಗಿಯಿತು.

“ಲೇ, ನಿಮ್ಮ ದೇಶದಲ್ಲಿ ಕಾರಿಂದ ಇಳಿಯೋ ಪದ್ಧತಿ ಇಲ್ವೇನೇ? ಜಲಪಾತ ಅಂತ ಬೋರ್ಡು ಬಂತು, ಹೋಯ್ತು.”

“ಅದರಲ್ಲಿ ಈಗ ನೀರಿಲ್ಲ ಕಣೇ,” ಎಂದಳು ನರ್ಸಕ್ಕ. ಜಲಪಾತದ ಭೋರ್ಗರೆತ ಕಿಟಕಿಯವರೆಗೂ ಬಂದು ಆ ಸುಳ್ಳನ್ನು ಕೇಳಿಸಿಕೊಂಡು ಹೋಯಿತು.

ಮುಂದೆ ಬೆಟ್ಟದ ದಾರಿ. ಒಂದೇ ಗಾಡಿಯ ಅಗಲ. ಒಂದು ಪಕ್ಕಕ್ಕೆ ಬಂಡೆ, ಇನ್ನೊಂದು ಪಕ್ಕಕ್ಕೆ ಮರಗಳ ನೆತ್ತಿ ಕಾಣುವಷ್ಟು ಆಳ. ಮೂರನೆಯ ತಿರುವಿನಲ್ಲಿ, ಇಳಿದು ಬರುತ್ತಿದ್ದ ದೊಡ್ಡ ಬಿಳಿ ಕಾರೊಂದು ಮೂಗಿಗೆ ಮೂಗು ತಾಗುವಂತೆ ಎದುರು ನಿಂತಿತು. ಆ ಕಾರಿನ ಹಿಂದೆ ಇಪ್ಪತ್ತು ಹೆಜ್ಜೆಯಲ್ಲೇ ಬದಿಗೆ ಒತ್ತಿ ನಿಲ್ಲಲು ಜಾಗವಿತ್ತು. ನರ್ಸಕ್ಕನ ಹಿಂದೆ ಇದ್ದದ್ದು ಬರೀ ತಿರುವುಗಳು.

ಹಾರ್ನ್ ಮೊಳಗಿಸಿ ಸಾಕಾದ ಮೇಲೆ ಕಪ್ಪು ಕನ್ನಡಕದವನು ಇಳಿದು ಬಂದ. “ಅಮ್ಮ, ಸ್ವಲ್ಪ ಹಿಂದಕ್ಕೆ ತಗೊಳ್ಳಿ.”

“ಏರೋ ಗಾಡಿಗೆ ಇಳಿಯೋರು ದಾರಿ ಬಿಡ್ಬೇಕು. ಕೆಳಗೆ ಬೋರ್ಡಲ್ಲೇ ಬರೆದಿದೆ.”

“ಬೋರ್ಡು ಯಾರು ಓದ್ತಾರಮ್ಮ? ಬರಲ್ಲ ಅಂದ್ರೆ ಇಳಿಯಿರಿ, ನಾನೇ ಎರಡು ನಿಮಿಷದಲ್ಲಿ ಹಿಂದಕ್ಕೆ ಹಾಕ್ಕೊಡ್ತೀನಿ.”

ಹಿಂದಿನ ಸೀಟಿನಿಂದ ಗುಂಡು ಪಿಸುಗುಟ್ಟಿದಳು: “ಕೊಟ್ಟುಬಿಡೇ. ನಿನ್ನ ತಮ್ಮನಿಗೆ ನಾವೇನು ಚಾಡಿ ಹೇಳ್ತೀವಾ?”

ನರ್ಸಕ್ಕನ ಕೈ ಬಾಗಿಲ ಹಿಡಿಯ ಮೇಲೆ ಒಂದು ಕ್ಷಣ ಕೂತಿತು. ಮೂವತ್ತಾರು ವರ್ಷ ಆಕೆ ನೋವು ತಿನ್ನುವ ಹೆಂಗಸರಿಗೆ ಹೇಳಿದ್ದು ಒಂದೇ ಮಾತು: ನಿನ್ನ ಕೆಲಸ ನೀನೇ ಮಾಡಬೇಕು ತಾಯಿ, ನಾನು ಪಕ್ಕದಲ್ಲಿ ನಿಂತಿರಬಲ್ಲೆ, ಅಷ್ಟೆ. ಆಕೆ ಇಂಜಿನ್ ಆರಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಕೀಲಿಯನ್ನು ಮುಷ್ಟಿಯೊಳಗೆ ಸೇರಿಸಿದಳು.

“ಗುಂಡು, ಫ್ಲಾಸ್ಕ್ ತೆಗಿ. ಟೀ ಕುಡಿಯೋಣ.”

ಮೂವರೂ ನಿಧಾನವಾಗಿ ಕುಡಿದರು. ಆತ ಬಿಸಿಲಲ್ಲಿ ನಿಂತು ಎರಡು ಸಲ ಗಡಿಯಾರ ನೋಡಿದ. ಎರಡನೆಯ ಲೋಟ ಬಗ್ಗಿಸುವುದನ್ನು ಕಂಡು ಕನ್ನಡಕ ತೆಗೆದ; ಕನ್ನಡಕದ ಹಿಂದೆ ತೀರಾ ಸಾಧಾರಣವಾದ, ಹೆದರಿದ ಕಣ್ಣುಗಳಿದ್ದವು.

“ನಿಜ ಹೇಳ್ತೀನಮ್ಮ. ಗಾಡಿ ಹೊಸದು. ರಿವರ್ಸ್ ನನಗೂ ಅಷ್ಟಾಗಿ ಬರಲ್ಲ.”

“ಮತ್ತೆ ನನ್ನ ಕಾರನ್ನ ಹೇಗೆ ಹಾಕ್ಕೊಡ್ತಿದ್ರಿ?”

“ಅದು ಬೇರೆಯವರ ಗಾಡಿ ಅಲ್ವಾ.”

ಕಡ್ಡಿಗೆ ಟೀ ನೆತ್ತಿಗೇರಿತು. ನರ್ಸಕ್ಕ ಇಳಿದು ಬಿಳಿ ಕಾರಿನ ಹಿಂದಕ್ಕೆ ನಡೆದಳು. “ಹತ್ತಿ. ನಾನಿದೀನಿ. ಹಾ, ಬರ್ಲಿ, ಬರ್ಲಿ. ಉಸಿರು ಬಿಗಿಹಿಡೀಬೇಡಿ. ಆತುರ ಬೇಡ, ಹಾಗೇ ಬರ್ಲಿ.”

“ಕಾಲು ಮುಂದಾಗಿ ಬರ್ತಿರೋ ಹೆರಿಗೆ ಕಣೇ ಇದು,” ಎಂದಳು ಗುಂಡು.

ಇಪ್ಪತ್ತು ಹೆಜ್ಜೆಗೆ ಕಾಲುಗಂಟೆ ಹಿಡಿಯಿತು. ಆತ ಕೈಮುಗಿದ; ನರ್ಸಕ್ಕ ಗೇರು ಹಾಕಿ ಬೆಟ್ಟ ಹತ್ತಿದಳು.

ಸಂಜೆ ಮನೆಯ ಮುಂದೆ ತಮ್ಮ ಕಾಯುತ್ತಿದ್ದ. ಕಾರಿನ ಸುತ್ತ ಬಗ್ಗಿ ಬಗ್ಗಿ ನೋಡಿ, ಗೆರೆ ಸಿಗದೆ, ಅಂಗೈ ಚಾಚಿದ. “ನಾಲ್ಕು ದಿನ ಆಯ್ತು. ಕೊಡು.”

“ನನಗೆ ರಿವರ್ಸ್ ಬರಲ್ಲ,” ಎಂದಳು ನರ್ಸಕ್ಕ.

“ಅದು ಗೊತ್ತಿದ್ದೇ ಅಲ್ವಾ ನಾನು ಕೀಲಿ ಇಟ್ಕೊಂಡಿದ್ದು.”

“ನಿನ್ನ ಜೇಬಲ್ಲಿದ್ರೆ ನಾನು ಕಲಿಯೋದು ಹೇಗೋ? ಕಲೀತೀನಿ. ಕೀಲಿ ಕೊಡಲ್ಲ.”

ಆಕೆ ಮತ್ತೆ ಕಾರಿನೊಳಗೆ ಕೂತು ರಿವರ್ಸ್ ಗೇರು ಹಾಕಿದಳು. ಗೆಳತಿಯರು ಎರಡು ಬದಿಗೆ ನಿಂತು, ಒಬ್ಬಳು ಎಡಕ್ಕೆ ಎಂದರೆ ಇನ್ನೊಬ್ಬಳು ಬಲಕ್ಕೆ ಎಂದರು. ಕಾರು ಅನುಮಾನಿಸುತ್ತ ಹಿಂದೆ ಸರಿದು, ಗೇಟಿನ ಕಂಬವನ್ನು ಕರ್‍ರೆಂದು ಸವರಿ ನಿಂತಿತು.

“ಬಿತ್ತು ನೋಡು ಗೆರೆ,” ಎಂದ ತಮ್ಮ, ಮೊಳದುದ್ದದ ಗುರುತಿನ ಮೇಲೆ ಬೆರಳಾಡಿಸುತ್ತ. “ಮಾತು ಅಂದ್ರೆ ಮಾತು.”

“ನನ್ನ ಕಾರು, ನನ್ನ ಗೆರೆ,” ಎಂದಳು ನರ್ಸಕ್ಕ ಕಿಟಕಿಯಿಂದ ತಲೆ ಹೊರಹಾಕಿ. “ಆ ಕಂಬದ ಹತ್ತಿರದಿಂದ ಆಚೆ ಹೋಗಪ್ಪ. ಇನ್ನೊಂದ್ಸಲ ಬರ್ತಿದೀನಿ.”