ಗದ್ದಿಗೆಗೆ ಹಾಸಿದ ಕಂಬಳಿ

ಹಿತ್ತಲ ಗಿಡ ಮದ್ದಲ್ಲ ಅನ್ನುವ ಗಾದೆಯನ್ನು ಯಾರೋ ಕಾಟಯ್ಯನನ್ನು ನೋಡಿಯೇ ಕಟ್ಟಿರಬೇಕು. ಹಿರಿಯೂರಿನ ಆಚೆಯ ಹಟ್ಟಿಯಲ್ಲಿ ಕುರಿ ಕಾಯ್ದು ತಾಯಿ ಓಬವ್ವನನ್ನು ನೋಡಿಕೊಳ್ಳುತ್ತಿದ್ದವನು ಅವನು. ಅವ್ವನ ಬಾಯಲ್ಲಿ ಮಾತ್ರ ಹೊತ್ತು ಮೂಡಿದರೆ, ಮುಳುಗಿದರೆ ಸೈನ್ಯದಲ್ಲಿದ್ದ ಕಿರಿಮಗ ಜುಂಜೇಶನ ಹೆಸರು. ಅವನು ರಜೆಗೆ ಬಂದ ಮೇಲಂತೂ ತುಪ್ಪದ ಗಿಂಡಿ ಅವನ ತಟ್ಟೆ ಬಿಟ್ಟು ಕದಲಲಿಲ್ಲ. ಕಾಟಯ್ಯ ಅರ್ಧ ಮುದ್ದೆ ಬಿಟ್ಟು ಎದ್ದ. ತಾನು ಕುರಿ ಹಿಂದೆ ಅಲೆದದ್ದಕ್ಕಲ್ಲವೇ ಇವನು ಸಿಪಾಯಿಯಾದದ್ದು?

ಸಾಲದ್ದಕ್ಕೆ ಸೇನಾ ದಿನ ಬಂತು. ಹಟ್ಟಿಯ ಹುಡುಗರು ಬೇವಿನ ಕಟ್ಟೆಯ ಹತ್ತಿರ ಜುಂಜೇಶನ ಫ್ಲೆಕ್ಸ್ ಕಟ್ಟಿದರು. ಕಂಬಳಿಯ ಮೇಲೆ ಕೂರಿಸಿ ಸನ್ಮಾನ ಮಾಡುವುದೆಂದು ಗೊತ್ತುಮಾಡಿದರು. ಕರಿ ಕಂಬಳಿಯ ಗದ್ದಿಗೆಯೆಂದರೆ ಹಟ್ಟಿಯವರಿಗೆ ದೇವರು ಕೂರುವ ಜಾಗ. ಅದನ್ನು ಹಾಸಬೇಕಾದವನು ಮನೆಯ ಹಿರಿಮಗ. ತನ್ನ ಕುರಿಯ ಉಣ್ಣೆ, ತನ್ನದೇ ಕೈ, ಕೂರುವವನು ಮಾತ್ರ ತಮ್ಮ. ಕಾಟಯ್ಯ ಹಲ್ಲು ಕಚ್ಚಿಕೊಂಡು ಹಾಸಿದ.

ಜುಂಜೇಶ ಯೂನಿಫಾರಂ ತೊಟ್ಟು, ಬೂಟಿನಲ್ಲೇ ಬಂದು ಕಂಬಳಿಯ ಅಂಚಿಗೆ ನಿಂತ. ಊರಿಗೆ ಬಂದಾಗಿನಿಂದ ಮನೆಯೊಳಗೂ ಅವನು ಕಾಲುಚೀಲ ಬಿಚ್ಚಿರಲಿಲ್ಲ. ಕೇಳಿದರೆ ಚಳಿ ಅನ್ನುತ್ತಿದ್ದ. ಹಿಮದಲ್ಲಿ ನಿಂತು ಬಂದವನಿಗೆ ಹಿರಿಯೂರಿನ ಚಳಿಯಂತೆ, ಎಲ್ಲ ದೊಡ್ಡಸ್ತಿಕೆ ಎಂದು ಕಾಟಯ್ಯ ಒಳಗೊಳಗೇ ಕುದಿದಿದ್ದ. ಈಗ ಸರಿಯಾಗಿ ಸಿಕ್ಕ ಅನ್ನಿಸಿತು.

"ಬೂಟು ಬಿಚ್ಚಪ್ಪ. ಗದ್ದಿಗೆ ಮುಂದೆ ಎಲ್ರೂ ಒಂದೇ," ಎಂದ, ನೆರೆದವರಿಗೆಲ್ಲ ಕೇಳುವ ಹಾಗೆ.

ನೆಲದ ಮೇಲೇ ಕೂರುತ್ತೇನೆ ಬಿಡಣ್ಣ ಎಂದು ಜುಂಜೇಶ ಮೆಲ್ಲಗೆ ಹೇಳಿದ. ಕಾಟಯ್ಯ ಬಿಡಲಿಲ್ಲ. ತಮ್ಮನ ಸೊಕ್ಕು ಹತ್ತು ಜನರ ಮುಂದೆ ಮುರಿಯಲಿ ಎಂದು ಮಂಡಿಯೂರಿ ತಾನೇ ಲೇಸಿಗೆ ಕೈ ಹಾಕಿದ. ಬೂಟು ಬಂತು, ಕಾಲುಚೀಲವೂ ಬಂತು. ಎಡಗಾಲಿನಲ್ಲಿ ಹೆಬ್ಬೆರಳೊಂದನ್ನು ಬಿಟ್ಟರೆ ಬೆರಳೇ ಇರಲಿಲ್ಲ. ಹಿಮ ತಿಂದುಹಾಕಿತ್ತು.

ಓಬವ್ವ ಜನರನ್ನು ಸರಿಸಿಕೊಂಡು ಬಂದು ಕೂತಳು. ಮಗನ ಪಾದವನ್ನು ಸೆರಗಿನಲ್ಲಿ ಹಿಡಿದುಕೊಂಡು, ಅಳಲೂ ಆಗದೆ ಕಾಟಯ್ಯನ ಕಡೆ ತಿರುಗಿದಳು.

"ನಿಂಗೆ ಗೊತ್ತಿತ್ತೇನೋ?"

ಕಾಟಯ್ಯ ಬಿಚ್ಚಿದ ಕಾಲುಚೀಲವನ್ನು ಬೂಟಿನೊಳಗೆ ತುರುಕಿದ. ಜುಂಜೇಶನೇ ಉತ್ತರ ಕೊಟ್ಟ: "ಅಣ್ಣಂಗೆ ಬಂದ ದಿನಾನೇ ಹೇಳಿದ್ದೆ ಕಣವ್ವ. ನಿಂಗೆ ತೋರ್ಸಾಕೆ ನಂಗೆ ಧೈರ್ಯ ಇರ್ಲಿಲ್ಲ. ನೀನೇ ಬಿಚ್ಚಿಸಣ್ಣ ಅಂದಿದ್ದೆ."

ಎಲಾ ಇವನ, ಬೆರಳು ಕಳಕೊಂಡವನು ಸುಳ್ಳು ಹೇಳಿ ಅಣ್ಣನ ಮಾನ ಕಾಯುತ್ತಾನಲ್ಲ! ದೊಡ್ಡತನದಲ್ಲೂ ಇವನದೇ ಮೇಲುಗೈ. ಕಾಟಯ್ಯನ ಹೊಟ್ಟೆ ಇನ್ನಷ್ಟು ಉರಿಯಿತು.

"ಇಷ್ಟು ದಿನ ಒಬ್ನೇ ನುಂಗ್ಕಂಡಿದ್ಯೇನೋ ನನ್ನಪ್ಪ," ಎಂದು ಓಬವ್ವ ಹಿರಿಮಗನ ತಲೆಯನ್ನು ಎದೆಗೆ ಒತ್ತಿಕೊಂಡಳು. ಆ ಕೈ ಅವನ ತಲೆ ಮುಟ್ಟಿ ವರ್ಷಗಳೇ ಆಗಿದ್ದವು. ಅದು ತನ್ನ ಪಾಲಿನದಲ್ಲವೆಂದು ಕಾಟಯ್ಯನಿಗೆ ಗೊತ್ತಿತ್ತು. ಆದರೂ ಅವನು ತಲೆ ಎತ್ತಲಿಲ್ಲ.