ಗಣಿಬಂಡಿಯ ವೇಗ

ನನ್ನ ಅಂಗಡಿಗೆ ಬರುವವರ ದೂರು ಒಂದೇ: ಮೊದಲಿನ ಹಾಗಿಲ್ಲ. ಎಳವೆಯಲ್ಲಿ ಆಡಿದ ಆಟವನ್ನು ಹೊಸ ಕಂಪ್ಯೂಟರಿಗೆ ಹಾಕಿಸಿಕೊಂಡು ಕುಣಿಯುತ್ತಾ ಹೋಗುತ್ತಾರೆ, ನಾಲ್ಕು ದಿನಕ್ಕೆ ಮುಖ ಗಂಟು ಹಾಕಿಕೊಂಡು ವಾಪಸ್ ಬರುತ್ತಾರೆ. ಬಣ್ಣ ಸರಿಯಿಲ್ಲ, ಸದ್ದು ಸರಿಯಿಲ್ಲ, ಆಗಿನ ಮಜಾ ಇಲ್ಲ. ಮಜಾ ನಾನು ಎಲ್ಲಿಂದ ತರಲಿ? ಆಗ ನಿಮಗೆ ಹತ್ತು ವರ್ಷ, ಈಗ ಕೂದಲು ನರೆತಿದೆ, ಅದಕ್ಕೆ ನನ್ನ ಹತ್ತಿರ ಸ್ಪೇರ್ ಪಾರ್ಟ್ ಇಲ್ಲ ಎಂದು ನಾಲಿಗೆ ತುದಿಗೆ ಬರುತ್ತದೆ. ಎಷ್ಟೋ ಸಲ ಹೇಳಿಯೂ ಬಿಟ್ಟಿದ್ದೇನೆ. ಗಿರಾಕಿಗಳನ್ನು ಓಡಿಸುವುದರಲ್ಲಿ ನನ್ನದು ಎತ್ತಿದ ಕೈ ಎಂದು ನನ್ನ ಗಂಡ ಹೇಳುವುದುಂಟು.

ವೇಗದ ದೂರು ಬಂದಾಗ ಮಾತ್ರ ನಾನು ಬಾಯಿ ಮುಚ್ಚಿಕೊಂಡು ಕೇಳುತ್ತೇನೆ. ಅದು ನಿಜವಾದ ದೂರು. ಹಳೆಯ ಆಟಗಳಲ್ಲಿ ಹಲವು ಗಡಿಯಾರ ನೋಡಿಕೊಂಡು ಓಡುವಂಥವಲ್ಲ. ಯಂತ್ರ ಎಷ್ಟು ಬೇಗ ಕೆಲಸ ಮಾಡುತ್ತದೋ ಆಟವೂ ಅಷ್ಟೇ ಬೇಗ. ಆಗಿನ ಯಂತ್ರ ನಿಧಾನ, ಹಾಗಾಗಿ ಆಟ ಹದವಾಗಿರುತ್ತಿತ್ತು. ಅದನ್ನೇ ಈಗಿನ ಯಂತ್ರದ ಮೇಲೆ ಬಿಟ್ಟರೆ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದುಹೋಗಿರುತ್ತದೆ. ಅದಕ್ಕೆಂದೇ ಹೊಸ ಯಂತ್ರದೊಳಗೆ ಹಳೆಯ ಯಂತ್ರದ ವೇಷ ಹಾಕಿಕೊಂಡು ಕೂರುವ ಪ್ರೋಗ್ರಾಂ ಒಂದಿದೆ. ಅದಕ್ಕೊಂದು ಅಂಕಿ ಕೊಡಬೇಕು. ಅಂಕಿ ಇಳಿಸಿದರೆ ಆಟ ನಿಧಾನ, ಏರಿಸಿದರೆ ಜೋರು. ಸರಿಯಾದ ಅಂಕಿ ಯಾವುದೆಂದು ತಿಳಿಯಲು ನಾನು ಹಿಂದಿನ ಕೋಣೆಯಲ್ಲಿ ಒಂದು ಅಸಲಿ ಹಳೆಯ ಯಂತ್ರವನ್ನೇ ಇಟ್ಟುಕೊಂಡಿದ್ದೇನೆ. ಎರಡರಲ್ಲೂ ಒಟ್ಟಿಗೆ ಆಟ ಶುರುಮಾಡಿ, ಎರಡೂ ಜೊತೆಜೊತೆಗೆ ಓಡುವವರೆಗೆ ಅಂಕಿ ತಿರುಗಿಸುತ್ತೇನೆ.

ಆ ಯಂತ್ರ ನಮ್ಮ ಮನೆಯದೇ. ಅಮ್ಮ ಟೈಪಿಂಗ್ ಕೆಲಸಕ್ಕೆಂದು ಇಟ್ಟುಕೊಂಡಿದ್ದಳು. ಅವಳು ಎದ್ದ ಕೂಡಲೇ ನಾನೂ ಅಣ್ಣನೂ ಹೋಗಿ ಕೂತು 'ಗಣಿಬಂಡಿ' ಆಡುತ್ತಿದ್ದೆವು. ಹಸಿರು ಪರದೆ, ಸುರಂಗ, ಹಳಿಯ ಮೇಲೊಂದು ಬಂಡಿ. ಹಳಿ ಮುರಿದಿರುವ ಜಾಗಕ್ಕೆ ಸ್ವಲ್ಪ ಮೊದಲು ಲಾಟೀನು ಹೊತ್ತಿಕೊಳ್ಳುತ್ತದೆ. ಕಂಡ ಕೂಡಲೇ ಸ್ಪೇಸ್ ಬಾರ್ ಒತ್ತಿ ಬ್ರೇಕ್ ಹಾಕಬೇಕು, ಆಗ ಹಳಿ ಕೂಡಿಕೊಂಡು ಬಂಡಿ ಮುಂದೆ ಹೋಗುತ್ತದೆ. ತಡವಾದರೆ ಬಂಡಿ ಕತ್ತಲಿಗೆ ಬೀಳುತ್ತದೆ. ನಾನು ಮೂರನೆಯ ಲಾಟೀನು ದಾಟಿದ್ದೇ ಅಪರೂಪ. ಅಣ್ಣ ಮಾತ್ರ ಬೀಳುತ್ತಲೇ ಇರಲಿಲ್ಲ. ಅಮ್ಮ ಬಂದು ಸ್ವಿಚ್ ಆರಿಸುವವರೆಗೂ ಅವನ ಬಂಡಿ ಓಡುತ್ತಿತ್ತು. ಹೊಟ್ಟೆಕಿಚ್ಚಿನಲ್ಲಿ ನಾನೇ ಹೋಗಿ ಚಾಡಿ ಹೇಳಿ ಆರಿಸುವಂತೆ ಮಾಡಿದ್ದೂ ಇದೆ.

ಆ ಕಣ್ಣು ಆ ಕೈ ಅವನಿಗೆ ಅನ್ನವಾದವು. ಈಗ ಅವನು ಕಟ್ಟಡ ಕಟ್ಟುವಲ್ಲಿ ಗೋಪುರದಂಥ ಕ್ರೇನ್ ನಡೆಸುತ್ತಾನೆ. ಕೆಲಸದ ಜಾಗದಲ್ಲಿ ಎಲ್ಲರೂ ಅವನನ್ನು 'ಗಿಡುಗ' ಎನ್ನುತ್ತಾರೆ. ನನ್ನ ಅಂಗಡಿಯ ಬಾಗಿಲಲ್ಲಿ ನಿಂತರೆ ಎರಡು ಬೀದಿಯಾಚೆ, ಮನೆಗಳ ಮೇಲ್ಛಾವಣಿಯ ಮೇಲೆ, ಅವನ ಕ್ರೇನಿನ ಉದ್ದ ತೋಳು ಕಾಣುತ್ತದೆ. ಆ ತೋಳಿನ ಕೆಳಗೆ ನಿಂತು ಅವನಿಗೆ ಕೈಸನ್ನೆ ಮಾಡುವವರು ನನ್ನ ಗಂಡ. ಇಳಿಸು, ಇನ್ನೂ ಇಳಿಸು, ನಿಲ್ಲಿಸು. ತಲೆಯ ಮೇಲೆ ಕಬ್ಬಿಣದ ಸರಳಿನ ಕಟ್ಟು ತೂಗುತ್ತಿದ್ದರೂ, ಭಾವ ಮೇಲಿದ್ದರೆ ನನಗೇನು ಭಯ ಎನ್ನುತ್ತಿದ್ದರು. ನನಗೂ ಭಯವಿರಲಿಲ್ಲ.

ಬೇಸಿಗೆಯ ಕೊನೆಯಲ್ಲಿ ಅಣ್ಣ ಹೊಸ ಲ್ಯಾಪ್‌ಟಾಪ್ ಕಂಕುಳಲ್ಲಿಟ್ಟುಕೊಂಡು ಬಂದ.

"ಪುಟ್ಟೀ, ಇದಕ್ಕೆ ಗಣಿಬಂಡಿ ಹಾಕ್ಕೊಡೇ. ರಜೆ ದಿನ ಹೊತ್ತು ಹೋಗಲ್ಲ."

ಮೊದಲ ಸಲ ಅಂಕಿ ಕೊಡದೆ ಹಾಗೇ ಓಡಿಸಿ ತೋರಿಸಿದೆ. ಬಂಡಿ ಕಾಣಿಸಿಕೊಳ್ಳುವ ಮೊದಲೇ ಬಿದ್ದುಹೋಯಿತು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಆಮೇಲೆ ಹಳೆಯ ಯಂತ್ರದ ಪಕ್ಕದಲ್ಲಿಟ್ಟು, ಎರಡು ಬಂಡಿಗಳೂ ಒಟ್ಟಿಗೇ ಸುರಂಗ ಹೊಗುವಂತೆ ಹದ ಮಾಡಿ ಕೊಟ್ಟೆ. ಅವನು ಆಡಿ ನೋಡಿದ.

"ಸ್ವಲ್ಪ ಜೋರಾಯ್ತು ಅಲ್ವಾ?"

"ಸರಿಯಾಗಿದೆ ಕಣೋ. ಪಕ್ಕದಲ್ಲೇ ಇಟ್ಟು ನೋಡಿದೀನಲ್ಲ."

"ಇಲ್ಲ ಕಣೇ, ಒಂಚೂರು ಜೋರು."

ಅವನ ಬಾಯಿ ಮುಚ್ಚಿಸಲು ಅಂಕಿಯನ್ನು ತುಸು ಇಳಿಸಿದೆ. ಗಿರಾಕಿಗಳಿಗೆ ಮಾಡದ ಉಪಕಾರ, ಅಣ್ಣನೆಂದು ಮಾಡಿದೆ.

ಮುಂದಿನ ತಿಂಗಳು ಮತ್ತೆ ಬಂದ. ಏನೋ ಅಪ್‌ಡೇಟ್ ಬಂತಂತೆ, ಅವತ್ತಿನಿಂದ ಬಂಡಿ ಹುಚ್ಚು ಹಿಡಿದಂತೆ ಓಡುತ್ತಿದೆಯಂತೆ. ಅಪ್‌ಡೇಟ್ ಬಂದಾಗ ಹಳೆಯ ಆಟಗಳು ಕೆಡುವುದು ನಿಜ. ಅದರ ತಪ್ಪೇ ಇರಬಹುದು ಎಂದು ನಾನೂ ಬೈದೆ, ಬೈದು ಅಂಕಿ ಇಳಿಸಿದೆ. ಅದಾಗಿ ಇನ್ನೊಮ್ಮೆ, ಮತ್ತೊಮ್ಮೆ. ನಾನು ಕೊಟ್ಟ ಟೀ ಲೋಟವನ್ನು ಒಂದು ದಿನ ಅವನು ಮೇಜಿನ ಅಂಚಿನಾಚೆ, ಗಾಳಿಯಲ್ಲಿ ಇಟ್ಟ. ಒಡೆದ ಚೂರು ಗುಡಿಸುತ್ತಾ ನಿನ್ನ ಧ್ಯಾನ ಎಲ್ಲಿದೆಯೋ ಎಂದು ರೇಗಿದೆ. ಅವನು ಮೇಜಿನ ಅಂಚನ್ನು ಬೆರಳಲ್ಲಿ ತಡವಿ ನೋಡುತ್ತಿದ್ದ. ನನಗೆ ಆಗಲೂ ಬುದ್ಧಿ ಬರಲಿಲ್ಲ.

ಮೊನ್ನೆ ಅವನ ರಜೆಯ ದಿನ, ಮಧ್ಯಾಹ್ನ, ಮತ್ತೆ ಅದೇ ರಾಗ. ಅಷ್ಟು ಹೊತ್ತಿಗೆ ಆ ಲ್ಯಾಪ್‌ಟಾಪಿನಲ್ಲಿ ಬಂಡಿ ಎಷ್ಟು ನಿಧಾನವಾಗಿತ್ತೆಂದರೆ, ನೋಡುವವರಿಗೆ ಆಕಳಿಕೆ ಬರಬೇಕು. ನನಗೆ ರೇಗಿಹೋಯಿತು.

"ಬಾ ಇಲ್ಲಿ, ಕೂತ್ಕೋ. ಅಸಲಿ ಮಶೀನಲ್ಲೇ ಆಡು. ಆಮೇಲೆ ನನ್ನ ತಲೆ ತಿನ್ನಬೇಡ."

ಹಿಂದಿನ ಕೋಣೆಯಲ್ಲಿ ಹಳೆಯ ಯಂತ್ರದ ಮುಂದೆ ಅವನನ್ನು ಕೂರಿಸಿದೆ. ಹಸಿರು ಬೆಳಕು ಅವನ ಮುಖದ ಮೇಲೆ ಬಿತ್ತು. ಬಂಡಿ ಹೊರಟಿತು, ಲಾಟೀನು ಹೊತ್ತಿತು, ಬಂಡಿ ಬಿತ್ತು. ಆಮೇಲೆ ಅವನ ಕೈ ಒತ್ತಿತು. ನಾನು ಕಣ್ಣಾರೆ ನೋಡಿದೆ: ಮೊದಲು ಬಂಡಿ, ಆಮೇಲೆ ಕೈ. ಇನ್ನೊಮ್ಮೆ ಆಡಿದ. ಮೊದಲನೆಯ ಲಾಟೀನಿಗೇ ಬಿದ್ದ. ಮತ್ತೊಮ್ಮೆ ಆಡುವಾಗ ಅಂಗೈಯನ್ನು ಸ್ಪೇಸ್ ಬಾರಿನ ಮೇಲೇ ತಾಗಿಸಿಟ್ಟುಕೊಂಡು ಕಾದ. ಆದರೂ ಬಿದ್ದ.

"ಆ ಟರ್ಬೊ ಬಟನ್ ಒತ್ತಿಬಿಟ್ಟಿದೀಯಾ ನೋಡು," ಎಂದ.

ಹಳೆಯ ಯಂತ್ರದ ಮುಂಭಾಗದಲ್ಲಿ ವೇಗಕ್ಕೊಂದು ಬಟನ್ ಇದೆ. ಒತ್ತಿದ್ದರೆ ಜೋರು, ಬಿಟ್ಟಿದ್ದರೆ ನಿಧಾನ. ಬಗ್ಗಿ ನೋಡಿದೆ. ಬಿಟ್ಟೇ ಇತ್ತು.

ಅಣ್ಣ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡ. "ಇದೂ ಜೋರಾಗಿಬಿಟ್ಟಿದೆ ಕಣೇ," ಎಂದ, ಮೆಲ್ಲಗೆ.

ಹಳೆಯ ಯಂತ್ರ ಕೆಡುತ್ತದೆ, ಸತ್ತೂ ಹೋಗುತ್ತದೆ, ಆದರೆ ತಾನಾಗಿ ಜೋರಾಗುವುದಿಲ್ಲ. ಅದು ಅವನಿಗೂ ಗೊತ್ತಿರಬೇಕು. ಅವನು ನನ್ನ ಮುಖವನ್ನೇ ನೋಡುತ್ತಿದ್ದ, ಏನಾದರೂ ಹೇಳು ಎಂಬಂತೆ. ನಾನು ಹೇಳಿದೆ.

"ಹಳೇದಲ್ವೇನೋ, ಒಳಗೆ ಏನೋ ಕೆಟ್ಟಿರತ್ತೆ. ಮಶೀನ್‌ದೇ ತಪ್ಪು. ಬಿಚ್ಚಿ ನೋಡ್ತೀನಿ ಬಿಡು."

ಅವನ ಮುಖ ಅರಳಿತು. ಎಳವೆಯಲ್ಲಿ ಅಮ್ಮನ ಏಟು ತಪ್ಪಿದಾಗ ಅರಳುತ್ತಿದ್ದ ಹಾಗೆ. "ಅದೇ ಅಂದ್ಕೊಂಡೆ," ಎನ್ನುತ್ತಾ ಚಪ್ಪಲಿ ಮೆಟ್ಟಿಕೊಂಡು ಹೋದ. ಅವನು ಬೀದಿ ತಿರುವು ದಾಟಿದ ಮೇಲೆ ನಾನು ಅದೇ ಯಂತ್ರದ ಮುಂದೆ ಕೂತೆ. ಮೂರನೆಯ ಲಾಟೀನು ದಾಟಿದೆ. ಅದರ ಮುಂದಿನದನ್ನೂ ದಾಟಿದೆ. ಜೀವಮಾನದಲ್ಲಿ ಮೊದಲ ಬಾರಿ ಅಣ್ಣನನ್ನು ಸೋಲಿಸಿದ್ದೆ, ಮತ್ತು ನನಗೆ ಅಳು ಬಂದುಬಿಟ್ಟಿತು.

ಅವತ್ತಿಡೀ ಗಂಡನಿಗೆ ಹೇಳಲು ಬಾಯಿ ಬರಲಿಲ್ಲ. ಹೇಳಿದರೆ ಅಣ್ಣನ ಕೆಲಸ ಹೋಗುತ್ತದೆ. ಕೆಲಸಕ್ಕಿಂತ ಹೆಚ್ಚಾಗಿ ಆ ಹೆಸರು ಹೋಗುತ್ತದೆ. ಹೇಳದಿದ್ದರೆ ಆ ಕಬ್ಬಿಣದ ಕಟ್ಟಿನ ಕೆಳಗೆ ನಿಲ್ಲುವವರು ನನ್ನವರು. ಅದೃಷ್ಟವೋ ದುರದೃಷ್ಟವೋ, ಸಂಜೆ ಮೆಟ್ಟಿಲಿಳಿಯುವಾಗ ಅವರ ಕಾಲು ಉಳುಕಿತು. ಮರುದಿನ ಬೆಳಿಗ್ಗೆ ಕೆಲಸಕ್ಕೆ ಹೋಗದೆ, ನನ್ನ ಅಂಗಡಿಯ ಕುರ್ಚಿಯಲ್ಲಿ ಕೂತು, ಊದಿದ ಕಾಲನ್ನು ಮಾನಿಟರ್ ಡಬ್ಬದ ಮೇಲಿಟ್ಟುಕೊಂಡರು. ಇವರು ಇವತ್ತು ಆ ಕ್ರೇನಿನ ಕೆಳಗಿಲ್ಲ ಎಂದು ಮನಸ್ಸಿಗೆ ನೆಮ್ಮದಿಯಾಯಿತು. ಆ ನೆಮ್ಮದಿಯಲ್ಲೇ ಬಾಯಿ ಬಿಟ್ಟೆ. ಲೋಟ, ಅಂಕಿ, ಹಳೆಯ ಯಂತ್ರ, ಎಲ್ಲ ಹೇಳಿದೆ.

ಅವರು ಡಬ್ಬದ ಮೇಲಿನ ಕಾಲನ್ನು ತುಸು ಸರಿಸಿಕೊಂಡರು.

"ಗೊತ್ತು," ಎಂದರು.

"ಏನು ಗೊತ್ತು?"

"ಭಾವನಿಗೆ ಸ್ವಲ್ಪ ತಡವಾಗತ್ತೆ. ಬೇಸಿಗೆಯಿಂದ ನೋಡ್ತಿದೀನಿ. ನಾನು ಕೈನ ಮುಂಚೆನೇ ಎತ್ತಿಬಿಡ್ತೀನಿ. ಇನ್ನೂ ಆಳೆತ್ತರ ಇರೋವಾಗ್ಲೇ ನಿಲ್ಲಿಸು ಅಂತೀನಿ. ಅವರು ನಿಲ್ಲಿಸೋ ಹೊತ್ತಿಗೆ ಸರಿಯಾಗಿ ನೆಲಕ್ಕೆ ಬಂದಿರತ್ತೆ."

"ಮತ್ತೆ ನನಗೆ ಯಾಕ್ರೀ ಹೇಳಲಿಲ್ಲ?"

"ನೀನು ಅಂಕಿ ಇಳಿಸಿದ್ದು ನನಗೆ ಹೇಳಿದ್ಯಾ?"

ಇಬ್ಬರೂ ಸೇರಿ ಲೋಕವನ್ನೇ ಅವನ ಕೈಯ ಅಳತೆಗೆ ನಿಧಾನ ಮಾಡಿಟ್ಟಿದ್ದೆವು. ಬಾಗಿಲಾಚೆ ನೋಡಿದೆ. ಮೇಲ್ಛಾವಣಿಗಳ ಮೇಲೆ ಕ್ರೇನಿನ ತೋಳು ಮೆಲ್ಲಗೆ ತಿರುಗುತ್ತಿತ್ತು, ತುದಿಯಲ್ಲಿ ಉದ್ದನೆಯ ಕಟ್ಟೊಂದು ತೂಗುತ್ತಿತ್ತು. ಆಗ ನನಗೆ ಹೊಳೆಯಿತು.

"ರೀ, ಇವತ್ತು ಕೆಳಗೆ ಯಾರು ನಿಂತಿದಾರೆ?"

"ಹೊಸಬರು ಒಬ್ಬರು. ಈ ವಾರ ಸೇರಿದ್ರು."

"ಅವರಿಗೆ ಹೇಳಿದೀರಾ?"

"ಏನಂತ ಹೇಳಲಿ?" ಎನ್ನುತ್ತಲೇ ಕುರ್ಚಿಯಿಂದ ಏಳಲು ಹೋಗಿ, ಕಾಲೂರಲಾರದೆ ಮೇಜು ಹಿಡಿದುಕೊಂಡರು. ಫೋನಿಗೆ ಕೈಹಾಕಿದರು. ಕ್ರೇನಿನಲ್ಲಿ ಕೂತಾಗ ಅಣ್ಣ ಫೋನ್ ಆರಿಸಿರುತ್ತಾನೆ, ಅದು ಅಲ್ಲಿನ ನಿಯಮ. ಮೇಲ್ವಿಚಾರಕರ ಫೋನ್ ರಿಂಗಾಗುತ್ತಲೇ ಇತ್ತು. ನಾನು ಕಾಯಲಿಲ್ಲ, ಬರಿಗಾಲಲ್ಲೇ ಓಡಿದೆ.

ಮೊದಲ ಬೀದಿಯುದ್ದಕ್ಕೂ ತೋಳು ಕಾಣುತ್ತಿತ್ತು. ಅದು ತಿರುಗುವುದನ್ನು ನಿಲ್ಲಿಸಿತ್ತು. ಅಂದರೆ ಕಟ್ಟು ಇಳಿಯತೊಡಗಿತ್ತು. ಎರಡನೆಯ ಬೀದಿಯಲ್ಲಿ ಕಟ್ಟಡಗಳು ಅಡ್ಡ ಬಂದವು. ಅಲ್ಲಿಗೆ ಬಂದಾಗ ಆ ಸದ್ದು ಕೇಳಿಸಿತು. ಕಬ್ಬಿಣ ನೆಲಕ್ಕೆ ಬಿದ್ದು, ಸರಳು ಸರಳಿಗೆ ಬಡಿದು, ತುಂಬ ಹೊತ್ತು ಗುಂಯ್ಗುಡುತ್ತಿದ್ದ ಸದ್ದು. ಉಳಿದ ದಾರಿಯನ್ನು ಹೇಗೆ ಓಡಿದೆನೋ ನೆನಪಿಲ್ಲ.

ಗೇಟಿನೊಳಗೆ ಜನ ಗುಂಪುಗೂಡಿದ್ದರು. ಮಧ್ಯದಲ್ಲಿ ಸರಳಿನ ಕಟ್ಟು ಬಿಚ್ಚಿಕೊಂಡು ಬಿದ್ದಿತ್ತು. ಅದರಡಿಯಲ್ಲಿ ಒಂದು ಬೂಟು ಚಪ್ಪಟೆಯಾಗಿ ಸಿಕ್ಕಿಕೊಂಡಿತ್ತು. ಬೂಟಿನ ಯಜಮಾನ, ಕಿವಿಯ ಮೇಲೆ ನರೆಗೂದಲಿದ್ದ ಹೊಸಬರು, ಆಚೆಗೆ ಮಣ್ಣಿನಲ್ಲಿ ಕೂತು ಬರಿಗಾಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಬೆರಳು ಸವರಿಕೊಳ್ಳುತ್ತಿದ್ದರು. ಬೆರಳುಗಳೆಲ್ಲ ಇದ್ದವು. ಮೇಲ್ವಿಚಾರಕರು ಅವರನ್ನೇ ತರಾಟೆಗೆ ತೆಗೆದುಕೊಂಡಿದ್ದರು.

"ನಾನು ಸರಿಯಾದ ಟೈಮಿಗೇ ಕೈ ಎತ್ತಿದೆ ಸಾರ್," ಎಂದು ಅವರು ಹೇಳುತ್ತಿದ್ದರು. ಯಾರೂ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ.

ಅಣ್ಣ ಏಣಿ ಇಳಿದು ಬಂದ. ಅಷ್ಟೆತ್ತರದಿಂದ ಒಂದೊಂದೇ ಮೆಟ್ಟಿಲು ತಡವಿ ಇಳಿಯುವುದನ್ನು ಎಲ್ಲರೂ ಕತ್ತೆತ್ತಿ ನೋಡುತ್ತಾ ನಿಂತರು. ಅವನ ಅಂಗಿ ಬೆವರಿಗೆ ಬೆನ್ನಿಗಂಟಿತ್ತು. ಜನ ತಾವಾಗಿಯೇ ದಾರಿ ಬಿಟ್ಟರು.

"ಸನ್ನೆ ತಡವಾಯ್ತು," ಎಂದ. "ನಾನು ನೋಡ್ತಾನೇ ಇದ್ದೆ. ಅವರ ಕೈ ಏಳಲೇ ಇಲ್ಲ."

"ಗಿಡುಗನ ಕಣ್ಣು ತಪ್ಪತ್ತಾ?" ಎಂದು ಯಾರೋ ಹಿಂದಿನಿಂದ ಹೇಳಿದರು. ಮೇಲ್ವಿಚಾರಕರು ಹೊಸಬರ ಕಡೆ ತಿರುಗಿ, ನಾಳೆಯಿಂದ ಬರಬೇಡಿ ಎಂದರು. ಅವರು ಎದ್ದು ನಿಲ್ಲಲು ನೋಡಿದರು, ಒಂದು ಕಾಲಿಗೆ ಬೂಟು, ಇನ್ನೊಂದು ಬರಿಗಾಲು.

ಅಷ್ಟರಲ್ಲಿ ಅಣ್ಣ ನನ್ನನ್ನು ಕಂಡ. ಗುಂಪಿನಲ್ಲಿ ತನ್ನವರು ಸಿಕ್ಕರು ಎಂಬ ಸಮಾಧಾನ ಅವನ ಮುಖದಲ್ಲಿ ಕಾಣಿಸಿತು. ಹತ್ತಿರ ಬಂದು ನನ್ನ ತೋಳು ಹಿಡಿದುಕೊಂಡ.

"ಇಲ್ಲದಿದ್ರೆ ಕ್ರೇನಲ್ಲೇ ಏನೋ ಕೆಟ್ಟಿರತ್ತೆ. ಇವಳಿಗೆ ಮಶೀನ್ ವಿಷಯ ಎಲ್ಲಾ ಗೊತ್ತು. ನಿನ್ನ ಆ ಹಳೇ ಕಂಪ್ಯೂಟರಿಗೂ ಹಿಂಗೇ ಆಗಿತ್ತಲ್ವೇನೇ ಪುಟ್ಟಿ? ಮಶೀನ್‌ದೇ ತಪ್ಪು ಅಂತ ನೀನೇ ಅಂದ್ಯಲ್ಲ. ಹೇಳು ಇವರಿಗೆ."

ಎಲ್ಲರೂ ನನ್ನ ಕಡೆ ತಿರುಗಿದರು. ಆ ಬೂಟು ಕಟ್ಟಿನಡಿಯಲ್ಲಿ ಇನ್ನೂ ಹಾಗೇ ಇತ್ತು. ಕಾಲು ಉಳುಕದಿದ್ದರೆ ಅಲ್ಲಿ ನಿಂತಿರುತ್ತಿದ್ದವರು ನನ್ನ ಗಂಡ. ಅವರಾಗಿದ್ದರೆ ಕೈ ಮುಂಚೆಯೇ ಎತ್ತಿರುತ್ತಿದ್ದರು, ಏನೂ ಆಗುತ್ತಿರಲಿಲ್ಲ, ನಾನು ಅಂಗಡಿಯಲ್ಲಿ ಕೂತು ಅಂಕಿ ಇಳಿಸುತ್ತಿದ್ದೆ.

"ಇವರು ಸರಿಯಾಗೇ ಕೈ ಎತ್ತಿದಾರೆ ಅಣ್ಣ," ಎಂದೆ. "ನಿನ್ನ ಲ್ಯಾಪ್‌ಟಾಪೂ ಸರಿಯಾಗೇ ಇತ್ತು."

ಅವನು ನನ್ನ ತೋಳು ಬಿಡಲಿಲ್ಲ. ನನಗೊಬ್ಬಳಿಗೇ ಕೇಳುವಂತೆ, "ಹಳೇದು?" ಎಂದ.

"ಅದೂ ಸರಿಯಾಗೇ ಇದೆ."